ಮಳೆಗಾಲ ಮತ್ತು ಬಿಸಿನೀರಿನ ಪ್ರೆಶರ್ ವಾಷರ್: ಬರ್ನರ್ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಮೃಗಶಿರ ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಸಿನೀರಿನ ವಾಷರ್ ಬಗ್ಗೆಯೇ. ಕೆಸರು ಮೆತ್ತಿಕೊಂಡ ಜೀಪು, ಟ್ರ್ಯಾಕ್ಟರು, ಟಿಲ್ಲರುಗಳು ಸರ್ವಿಸ್ ಸ್ಟೇಷನ್ ಮುಂದೆ ಸಾಲುಗಟ್ಟುವ ಹೊತ್ತಿಗೇ ಬರ್ನರ್, ಅಂದರೆ ನೀರು ಕಾಯಿಸುವ ಡೀಸೆಲ್ ಒಲೆ, ಕೈಕೊಡುತ್ತದೆ. ಪಂಪು, ಗನ್ನುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಬರ್ನರ್ ಒಂದನ್ನೇ ತೆಗೆದುಕೊಂಡಿದ್ದೇವೆ. ಇಲ್ಲಿ ಕೊಟ್ಟ ಅಳತೆಗಳು ಡೀಸೆಲ್ ಉರಿಸುವ, ನಿಮಿಷಕ್ಕೆ 10ರಿಂದ 15 ಲೀಟರ್ ನೀರು ಬಿಡುವ ಸಾಮಾನ್ಯ ಯಂತ್ರಗಳಿಗೆ ಹೊಂದುವಂಥವು. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ಯಂತ್ರಕ್ಕೆ ಮೂರು ವರ್ಷ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ ಕಪ್ಪು ಹೊಗೆ ಬಂತು. ಮೆಕ್ಯಾನಿಕ್ ಗಾಳಿಯ ಶಟರ್ ಜಾಸ್ತಿ ತೆರೆದರು. ಕೆಲವು ದಿನ ಸರಿ ಇದ್ದು, ಈಗ ಬಿಳಿ ಹೊಗೆ, ಕಣ್ಣುರಿ. ನೀರೂ ಸರಿಯಾಗಿ ಕಾಯುತ್ತಿಲ್ಲ. ನಾಜಲ್ ಬದಲಿಸಬೇಕೇ? (ಸರ್ವಿಸ್ ಸ್ಟೇಷನ್ ಮಾಲೀಕರು, ಹೊಸನಗರ)

ನಾಜಲ್ (ಬರ್ನರಿನೊಳಗೆ ಡೀಸೆಲ್ ಸಿಂಪಡಿಸುವ ತುದಿ) ತರಲು ಹೋಗುವ ಮುಂಚೆ ಒಂದು ಗಾಜಿನ ಬಾಟಲಿ ತೊಳೆದು ಒಣಗಿಸಿಕೊಳ್ಳಿ. ಡೀಸೆಲ್ ಟ್ಯಾಂಕಿನ ತಳದ ಡ್ರೈನ್ ಬಿರಡೆ ಸಡಿಲಿಸಿ, ಮೊದಲು ಬರುವ ಅರ್ಧ ಲೀಟರನ್ನು ಅದರಲ್ಲಿ ಹಿಡಿಯಿರಿ. ಡ್ರೈನ್ ಇಲ್ಲದಿದ್ದರೆ ಕೈಪಂಪಿನ ಪೈಪನ್ನು ತಳಕ್ಕೆ ಮುಟ್ಟಿಸಿ ಎಳೆಯಿರಿ, ಬಾಯಿಂದ ಎಳೆಯಬೇಡಿ. ರಾತ್ರಿ ಅಲುಗಾಡಿಸದೆ ಇಟ್ಟು ಬೆಳಗ್ಗೆ ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆಯಲ್ಲಿ ಕಂದು ಲೋಳೆ ತೇಲುತ್ತಿದ್ದರೆ ನೀರು ನಿಂತು ಬಹಳ ದಿನ ಆಗಿದೆ. ನೀರು, ಡೀಸೆಲ್ ಎರಡೂ ಸೇರುವ ಕಡೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಫಿಲ್ಟರ್ ಕಟ್ಟಿಸುವುದು ಆ ಲೋಳೆಯೇ.

ನೀರು ಬಂದದ್ದು ಎಲ್ಲಿಂದ? ಅರ್ಧ ಖಾಲಿ ಇರುವ ಟ್ಯಾಂಕು ಹಗಲು ಬೆಚ್ಚಗಾಗಿ ಗಾಳಿ ಬಿಡುತ್ತದೆ, ರಾತ್ರಿ ತಣ್ಣಗಾಗಿ ಒಳಗೆಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿರುವ ತೇವ ಒಳಗೋಡೆಗೆ ಹನಿಗಟ್ಟಿ ತಳ ಸೇರುತ್ತದೆ. ಹೊರಗೆ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನದು ಇನ್ನೂ ಕಷ್ಟ. ಮುಚ್ಚಳದ ಮೇಲೆ ಮಳೆನೀರು ನಿಲ್ಲುತ್ತದೆ, ಬಿರಡೆ ಬಿಗಿಯಾಗಿದ್ದರೂ ರಾತ್ರಿ ಬ್ಯಾರಲ್ ತಣ್ಣಗಾದಾಗ ಆ ನೀರನ್ನೇ ಒಳಗೆ ಹೀರುತ್ತದೆ. ಬ್ಯಾರಲ್ಲನ್ನು ಸೂರಿನ ಕೆಳಗಿಡಿ. ಜಾಗ ಇಲ್ಲದಿದ್ದರೆ ಅಡ್ಡ ಮಲಗಿಸಿ, ಎರಡೂ ಬಿರಡೆ ಎಡಕ್ಕೊಂದು ಬಲಕ್ಕೊಂದು ಒಂದೇ ಮಟ್ಟದಲ್ಲಿ ಬರುವ ಹಾಗೆ. ಆಗ ಒಳಗಿನಿಂದ ಡೀಸೆಲ್ಲೇ ಬಿರಡೆಯನ್ನು ಮುಚ್ಚಿರುತ್ತದೆ, ಹೊರಗೆ ನೀರು ನಿಲ್ಲುವುದಿಲ್ಲ. ಯಂತ್ರದ ಟ್ಯಾಂಕನ್ನು ಮಾತ್ರ ಸಂಜೆ ಕೆಲಸ ಮುಗಿದು ಯಂತ್ರ ಆರಿದ ಮೇಲೆ ತುಂಬಿಸಿಡಿ.

ಇನ್ನು ಹೊಗೆ. ಕಪ್ಪು ಹೊಗೆ ಎಂದರೆ ಇರುವ ಡೀಸೆಲ್ಲಿಗೆ ಗಾಳಿ ಸಾಲದು. ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಆವಿಯಾಗಿ ಹೋಗುತ್ತಿದೆ. ಅದಕ್ಕೆ ಡೀಸೆಲ್ಲಿನಲ್ಲಿ ನೀರು, ಸೋತ ಕಿಡಿ, ಅಥವಾ ಬೆಂಕಿಯನ್ನೇ ತಳ್ಳಿಬಿಡುವಷ್ಟು ಗಾಳಿ ಕಾರಣ. ನಿಮ್ಮಲ್ಲಿ ಮೊದಲು ಕಪ್ಪು ಬಂದದ್ದಕ್ಕೆ ಬರ್ನರಿಗೆ ಗಾಳಿ ಊದುವ ಬ್ಲೋವರಿನ ಚಕ್ರ ಕಾರಣವಿರಬೇಕು. ಗಾಡಿ ತೊಳೆಯುವಾಗ ಏಳುವ ಕೆಸರಿನ ತುಂತುರನ್ನು ಅದು ಎಳೆದುಕೊಳ್ಳುತ್ತದೆ. ಚಕ್ರದ ಸುತ್ತ ಸಣ್ಣ ಸಣ್ಣ ಬಾಗಿದ ಎಲೆಗಳಿರುತ್ತವೆ. ಒಂದೊಂದರ ಬಾಗಿನಲ್ಲೂ ಮಣ್ಣು, ಎಣ್ಣೆ ಸೇರಿ ಹೆಪ್ಪುಗಟ್ಟಿದರೆ ಚಕ್ರ ಅಷ್ಟೇ ಜೋರಾಗಿ ತಿರುಗಿದರೂ ಗಾಳಿ ಹೊಡೆಯುವುದಿಲ್ಲ. ಕೊಳೆ ಹಾಗೇ ಬಿಟ್ಟು ಶಟರ್ ತೆರೆದದ್ದು ಕಾಯಿಲೆ ಮುಚ್ಚಿಟ್ಟಂತೆ ಆಯಿತು. ಜೊತೆಗೆ ಈಗ ನೀರೂ ಸೇರಿಕೊಂಡು ಹೊಗೆ ಬೆಳ್ಳಗಾಗಿದೆ.

ಹಾಗಾಗಿ ಕೆಲಸ ಈ ಕ್ರಮದಲ್ಲಿ ನಡೆಯಲಿ. ಬರ್ನರ್ ಸ್ವಿಚ್ ಆಫ್ ಮಾಡಿ ಎರಡು ಮೂರು ನಿಮಿಷ ತಣ್ಣೀರು ಹರಿಸಿ, ಪ್ಲಗ್ ಕಿತ್ತು, ಗನ್ ಒತ್ತಿ ಪ್ರೆಶರ್ ಬಿಡಿ. ಟ್ಯಾಂಕು ಪೂರ್ತಿ ಬಸಿದು ಒಳಗೆ ಒರೆಸಿ. ಬನಿಯನ್ ವೇಸ್ಟ್ ಬೇಡ, ಅದರ ನೂಲೇ ಆಮೇಲೆ ಫಿಲ್ಟರಿಗೆ ಹೋಗುತ್ತದೆ. ನೂಲು ಬಿಡದ ಬಟ್ಟೆ ಬಳಸಿ. ಟ್ಯಾಂಕಿನಿಂದ ಬರುವ ಲೈನಿನ ಫಿಲ್ಟರ್ ಹೊಸದು ಹಾಕಿ, ನೀರು ಬೇರ್ಪಡಿಸುವ ಬಟ್ಟಲಿದ್ದರೆ ತೊಳೆಯಿರಿ. ಫ್ಯುಯಲ್ ಪಂಪಿನ ಮುಚ್ಚಳದ ಕೆಳಗೂ ಸಣ್ಣ ಜಾಲರಿ ಇರುತ್ತದೆ. ಬಹಳ ಮಂದಿ ಮರೆಯುವುದು ಇದನ್ನೇ. ಅದನ್ನು ಶುದ್ಧ ಡೀಸೆಲ್ಲಿನಲ್ಲಿ ಅದ್ದಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಗ್ಯಾಸ್ಕೆಟ್ ಹೊಸದು ಹಾಕಿ. ಬ್ಲೋವರ್ ಚಕ್ರದ ಎಲೆ ಎಲೆಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯಿರಿ.

ಆಮೇಲೆ ಲೈನಿನ ಗಾಳಿ ತೆಗೆಯಬೇಕು. ಪಂಪಿನ ಬ್ಲೀಡ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಕೆಳಗೆ ಡಬ್ಬಿ ಹಿಡಿದು, ಗುಳ್ಳೆ ನಿಂತು ಸಲೀಸಾಗಿ ಧಾರೆ ಬರುವವರೆಗೆ ಓಡಿಸಿ ಬಿಗಿ ಮಾಡಿ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆ ಅಥವಾ ಕ್ಲಿಪ್ ಸಡಿಲ. ಅದು ಎಳೆಯುವ ಕಡೆಯ ಪೈಪಾದ್ದರಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣದ ಸೋರಿಕೆ.

ಶಟರ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಹಳೆಯ ಗುರುತಿಗೆ ತಂದು ಐದು ನಿಮಿಷ ಉರಿಸಿ. ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬಂದರೆ ಒಂದು ಹಂತದಲ್ಲಿ ಚಿಮಣಿಯ ಬಾಯಲ್ಲಿ ತೆಳ್ಳಗೆ ಕಪ್ಪು ಕಾಣುತ್ತದೆ. ಅಲ್ಲಿಂದ ಕಪ್ಪು ಹೋಗುವವರೆಗೆ ತೆರೆದು, ಇನ್ನೊಂದು ಕೂದಲೆಳೆ ತೆರೆದು ಬಿಗಿ ಮಾಡಿ, ಪೇಂಟಿನಿಂದ ಗೆರೆ ಹಾಕಿ. ಚಿಮಣಿಗೆ ಬಿಳಿ ಹೆಂಚಿನ ಚೂರು ಅಡ್ಡ ಹಿಡಿದರೆ ಮಸಿ ಎಷ್ಟೆಂದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಕ್ಕಳದಲ್ಲಿ ಹಿಡಿಯಿರಿ, ಮುಖ ಬಗ್ಗಿಸಬೇಡಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಶಿವಮೊಗ್ಗದ ಎತ್ತರದಲ್ಲಿ ಗಾಳಿ ಶೇ 5ರಷ್ಟು ತೆಳು, 1,000 ಮೀಟರ್ ಎತ್ತರದ ಕಾಫಿ ತೋಟದಲ್ಲಿ ಶೇ 9ರಷ್ಟು. ಹಾಗಾಗಿ ಮಂಗಳೂರಿನಲ್ಲಿ ಸರಿ ಮಾಡಿಸಿ ಘಟ್ಟ ಹತ್ತಿಸಿದ ಯಂತ್ರ ಮೇಲೆ ಬಂದು ಹೊಗೆ ಉಗುಳಿದರೆ ಆಶ್ಚರ್ಯವಿಲ್ಲ. ಇಲ್ಲಿ ಮತ್ತೆ ಹೊಂದಿಸಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಹೊಗೆ ಇದ್ದರೆ ಆಗ ನಾಜಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮೂರು ಒಟ್ಟಿಗೆ ಮುಟ್ಟಿದರೆ ರೋಗ ಯಾವುದಿತ್ತೆಂದು ಕೊನೆಗೂ ತಿಳಿಯುವುದಿಲ್ಲ.

ಪ್ರಶ್ನೆ: ಬೆಳಗ್ಗೆ ಹತ್ತು ಸಲ ಗನ್ ಒತ್ತಿದರೂ ಬೆಂಕಿ ಹಿಡಿಯುವುದಿಲ್ಲ. ಮಧ್ಯಾಹ್ನ ಬಿಸಿಲು ಬಂದ ದಿನ ಒಂದೇ ಸಲಕ್ಕೆ ಹಿಡಿಯುತ್ತದೆ. ಕೆಲವೊಮ್ಮೆ ‘ಭುಗ್’ ಎಂದು ಸದ್ದಾಗಿ ಹಿಡಿಯುತ್ತದೆ. (ತೀರ್ಥಹಳ್ಳಿ)

ಮೊದಲು ಆ ‘ಭುಗ್’ ಬಗ್ಗೆ. ಹಿಡಿಯದ ಬರ್ನರನ್ನು ಮತ್ತೆ ಮತ್ತೆ ಒತ್ತಿದಾಗಲೆಲ್ಲ ಡೀಸೆಲ್ ಒಳಗೆ ಸಿಂಪಡಣೆಯಾಗಿ ಕಾಯಿಲ್ (ನೀರು ಕಾಯುವ ಸುರುಳಿ ಪೈಪು) ಮೇಲೆ, ಒಲೆಯ ತಳದಲ್ಲಿ ನಿಲ್ಲುತ್ತದೆ. ಹತ್ತನೇ ಸಲ ಹಿಡಿದಾಗ ಅದೆಲ್ಲ ಒಟ್ಟಿಗೆ ಉರಿಯುತ್ತದೆ. ಎರಡು ಸಲ ಹಿಡಿಯದಿದ್ದರೆ ನಿಲ್ಲಿಸಿ. ಮೂರನೆಯ ಸಲ ಬೇಡ. ಡೀಸೆಲ್ ಬಿಡುವ, ತಡೆಯುವ ಕರೆಂಟಿನ ವಾಲ್ವ್ ಆದ ಸೊಲೆನಾಯ್ಡಿನ ಪ್ಲಗ್ ಬಿಚ್ಚಿ, ಅಂದರೆ ಡೀಸೆಲ್ ಬಂದ್ ಮಾಡಿ, ಬ್ಲೋವರ್ ಒಂದನ್ನೇ ಐದು ನಿಮಿಷ ಓಡಿಸಿ ಒಳಗಿನ ಆವಿ ಹೊರಗೆ ಹಾಕಿ. ತಳದಲ್ಲಿ ಡೀಸೆಲ್ ಮಡುಗಟ್ಟಿದ್ದರೆ ಒರೆಸಿ ತೆಗೆದ ಮೇಲೆಯೇ ಮುಂದಿನ ಪ್ರಯತ್ನ.

ಬಿಸಿಲಿಗೆ ಸರಿಹೋಗುತ್ತದೆ ಎಂದರೆ ತೊಂದರೆ ಕಿಡಿಯದು. ಟ್ರಾನ್ಸ್‌ಫಾರ್ಮರಿನಿಂದ ಬರುವ ಸುಮಾರು 10,000 ವೋಲ್ಟು ಸುಲಭದ ದಾರಿ ಹುಡುಕುತ್ತದೆ. ಕಿಡಿ ಹಾರಿಸುವ ಕಡ್ಡಿಯಾದ ಎಲೆಕ್ಟ್ರೋಡಿನ ಪಿಂಗಾಣಿ ಮೇಲೆ ಮಸಿಯ ಪೊರೆ, ಅದರ ಮೇಲೆ ರಾತ್ರಿಯ ತೇವ ಕೂತಿದ್ದರೆ ಕಿಡಿ ತುದಿಯಲ್ಲಿ ಹಾರದೆ ಪಿಂಗಾಣಿ ಮೇಲೇ ಹರಿದು ಯಂತ್ರದ ಮೈಗೆ ಇಳಿಯುತ್ತದೆ.

ಪ್ಲಗ್ ಕಿತ್ತು ಎಲೆಕ್ಟ್ರೋಡ್ ಹೊರತೆಗೆಯಿರಿ. ಪಿಂಗಾಣಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಓರೆಯಾಗಿ ಬೆಳಕು ಬಿಟ್ಟು ನೋಡಿ. ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಕೊಳೆಯಲ್ಲ, ಬಿರುಕು. ಒರೆಸಿದರೆ ಹೋಗುವುದಿಲ್ಲ, ಎಲೆಕ್ಟ್ರೋಡೇ ಹೊಸದು ಬೇಕು. ಎರಡು ತುದಿಗಳ ನಡುವೆ 3ರಿಂದ 4 ಮಿ.ಮೀ. ಅಂತರ ಇರಬೇಕು. ಗೇಜ್ ಇಲ್ಲದಿದ್ದರೆ 3 ಮಿ.ಮೀ. ಡ್ರಿಲ್ ಬಿಟ್ ಅದರಲ್ಲಿ ಆರಾಮವಾಗಿ ತೂರಬೇಕು, 4ರದು ತಡೆಯಬೇಕು. ತುದಿಗಳು ನಾಜಲ್ ಮುಖಕ್ಕಿಂತ 2-3 ಮಿ.ಮೀ. ಮುಂದೆ ಇರಲಿ. ತುದಿಗಳು ನಾಜಲ್ಲಿಗಿಂತ ಎಷ್ಟು ಮೇಲಿರಬೇಕು ಎಂಬುದಕ್ಕೆ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಏಕೆಂದರೆ ಸಿಂಪಡಣೆಯ ಕೋನ 60 ಡಿಗ್ರಿಯೋ 80 ಡಿಗ್ರಿಯೋ ಎಂಬುದರ ಮೇಲೆ ಅದು ಬದಲಾಗುತ್ತದೆ. ತುದಿ ಸಿಂಪಡಣೆಗೆ ತಾಗಿದರೆ ಅಲ್ಲಿ ಇಂಗಾಲ ಮೀಸೆಯ ಹಾಗೆ ಬೆಳೆದು ಎರಡೂ ತುದಿಗಳನ್ನು ಕೂಡಿಸಿಬಿಡುತ್ತದೆ.

ಕಿಡಿ ಪರೀಕ್ಷೆ ಮಾಡುವಾಗ ಸೊಲೆನಾಯ್ಡ್ ಬಿಚ್ಚಿಯೇ ಇರಲಿ, ನೆಲ ಒಣಗಿರಲಿ, ಕೈ ದೂರ ಇರಲಿ. ನೀಲಿ-ಬಿಳಿ ಕಿಡಿ ಟರ್ ಎಂದು ಬಿಡದೆ ಹಾರಿದರೆ ಸರಿ. ಕೆಂಪಗೆ ತೆಳ್ಳಗೆ ತಡೆದು ತಡೆದು ಹಾರಿದರೆ ಟ್ರಾನ್ಸ್‌ಫಾರ್ಮರ್ ಸೋತಿದೆ, ಅಥವಾ ವೋಲ್ಟೇಜ್ ಬಿದ್ದಿದೆ. ರಾತ್ರಿ ಯಂತ್ರದ ಮೇಲೆ ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ತೇವ ಒಳಗೇ ಉಳಿಯುತ್ತದೆ. ಸೂರಿನ ಕೆಳಗೆ, ನೆಲದಿಂದ ಗೇಣೆತ್ತರದ ಹಲಗೆಯ ಮೇಲೆ ಗಾಳಿಯಾಡಲು ಬಿಡಿ.

ಪ್ರಶ್ನೆ: ನಾಜಲ್ ಕಟ್ಟಿದಾಗ ಸೂಜಿಯಿಂದ ಚುಚ್ಚಿ ಬಿಡಿಸುತ್ತೇವೆ. ಒಂದು ವಾರ ನಡೆಯುತ್ತದೆ, ಮತ್ತೆ ಅದೇ ಕಥೆ. (ಅಡಿಕೆ ಬೆಳೆಗಾರರು, ಸಾಗರ)

ಸೂಜಿ ಹಾಕಿದ ದಿನವೇ ಆ ನಾಜಲ್ ಕೆಟ್ಟಿತು. ಒಳಗೆ ಓರೆಯಾದ ಸಣ್ಣ ಕಾಲುವೆಗಳಿವೆ. ಡೀಸೆಲ್ ಅವುಗಳಲ್ಲಿ ಸುಳಿ ತಿರುಗಿ ಬಂದು ತೂತಿನಿಂದ ಮಂಜಿನ ಹಾಗೆ ಬಿಚ್ಚಿಕೊಳ್ಳಬೇಕು. ತೂತಿನ ಅಂಚಿಗೆ ಒಂದು ಗೀರು ಬಿದ್ದರೂ ಮಂಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಇರುವ ಕಡೆ ಕಾಯಿಲ್ ಮೇಲೆ ಮಸಿ ಕಟ್ಟುತ್ತದೆ. ನಾಜಲ್ ರಿಪೇರಿ ಮಾಡುವ ವಸ್ತುವಲ್ಲ. ದಿನವೂ ಓಡುವ ಯಂತ್ರಕ್ಕೆ ವರ್ಷಕ್ಕೊಂದು, ಮಳೆಗಾಲಕ್ಕೆ ಮುಂಚೆ ಹಾಕಿಬಿಡಿ.

ಹೊಸದು ತರುವಾಗ ಹಳೆಯದರ ಮೈಮೇಲಿನ ಮೂರು ಗುರುತು ಬರೆದುಕೊಳ್ಳಿ: ಗಂಟೆಗೆ ಎಷ್ಟು ಗ್ಯಾಲನ್ (1.25, 1.50 ಹೀಗೆ), ಕೋನ, ಮತ್ತು ಮಂಜು ಟೊಳ್ಳೋ ಗಟ್ಟಿಯೋ ಎಂದು ಹೇಳುವ ಅಕ್ಷರ. ಮೂರೂ ಹೊಂದಬೇಕು. ಬಿಚ್ಚುವಾಗ ಎರಡು ಪಾನಾ ಬೇಕು, ಒಂದು ನಾಜಲ್ಲಿಗೆ (ಸಾಮಾನ್ಯವಾಗಿ 16 ಮಿ.ಮೀ.), ಇನ್ನೊಂದು ಹಿಂದಿನ ಹೋಲ್ಡರ್ ತಿರುಗದಂತೆ ಹಿಡಿಯಲು. ಒಂದೇ ಪಾನಾ ಹಾಕಿ ಎಳೆದರೆ ಪೈಪು ತಿರುಚಿಕೊಂಡು ಎಲೆಕ್ಟ್ರೋಡಿನ ಅಳತೆ ಎಲ್ಲ ತಪ್ಪುತ್ತದೆ. ಹೊಸ ನಾಜಲ್ಲನ್ನು ಅದರ ಪ್ಯಾಕಿಂಗ್ ಕೊಳವೆಯಿಂದ ಹೊರತೆಗೆಯುವ ಮುಂಚೆ ಕೈ ತೊಳೆದುಕೊಳ್ಳಿ; ಅದರ ಮುಖವನ್ನೂ ಹಿಂದಿನ ಫಿಲ್ಟರನ್ನೂ ಮುಟ್ಟದೆ ಆರು ಮೂಲೆಯ ಭಾಗವನ್ನೇ ಹಿಡಿಯಿರಿ. ಹೋಲ್ಡರಿನ ಒಳಗೆ ಹಳೆಯ ಕೊಳೆ ಇಲ್ಲವೆಂದು ನೋಡಿ. ಬೆರಳಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಪಾನಾದಿಂದ ಕಾಲು ಸುತ್ತು. ಟೇಪು, ಸೀಲೆಂಟು ಏನೂ ಬೇಡ. ಲೋಹಕ್ಕೆ ಲೋಹ ಕೂತೇ ಅದು ಸೀಲಾಗುವುದು.

ವಾರಕ್ಕೊಮ್ಮೆ ಕಟ್ಟುತ್ತದೆ ಎಂದರೆ ಹಿಂದಿನ ಫಿಲ್ಟರುಗಳು ಕೆಲಸ ಮಾಡುತ್ತಿಲ್ಲ. ಮೇಲಿನ ಹೊಸನಗರದ ಉತ್ತರ ಓದಿ.

ಪ್ರಶ್ನೆ: ಗಂಟೆಗೆ 9 ಲೀಟರ್ ಡೀಸೆಲ್ ಹೋಗುತ್ತಿದೆ. ನೀರು 70 ಡಿಗ್ರಿ ಮೇಲೆ ಹೋಗುವುದಿಲ್ಲ. ಇದು ಜಾಸ್ತಿಯೇ? (ಆಟೋ ಕಾಂಪ್ಲೆಕ್ಸ್, ಶಿವಮೊಗ್ಗ)

ಜಾಸ್ತಿ. ಲೆಕ್ಕ ಹೀಗಿದೆ. ನಿಮ್ಮ ಯಂತ್ರ ನಿಮಿಷಕ್ಕೆ 15 ಲೀಟರ್ ಬಿಡುತ್ತದೆ ಎಂದು ಬರೆದಿದ್ದೀರಿ. ಗಂಟೆಗೆ 900 ಲೀಟರ್. ಬಾವಿಯ ನೀರು 22 ಡಿಗ್ರಿ, ಬೇಕಾದದ್ದು 72 ಎಂದರೆ 50 ಡಿಗ್ರಿ ಏರಿಸಬೇಕು. 900ನ್ನು 50ರಿಂದ ಗುಣಿಸಿದರೆ 45,000 ಕಿಲೋಕ್ಯಾಲೊರಿ. ಒಂದು ಲೀಟರ್ ಡೀಸೆಲ್ ಸುಮಾರು 8,500 ಕಿಲೋಕ್ಯಾಲೊರಿ ಕೊಡುತ್ತದೆ. ಚಿಮಣಿಯಲ್ಲಿ ಹೋಗುವುದು ಶೇ 15 ಎಂದು ಹಿಡಿದರೂ ಗಂಟೆಗೆ 6.2 ಲೀಟರ್ ಸಾಕು.

9 ಹೇಗಾಯಿತು? ನಾಜಲ್ ಮೇಲಿನ ಅಂಕಿ 7 ಬಾರ್ ಪ್ರೆಶರಿನದು. ಪ್ರೆಶರ್ ಏರಿದರೆ ಡೀಸೆಲ್ ಅದರ ವರ್ಗಮೂಲದಂತೆ ಏರುತ್ತದೆ. 10 ಬಾರಿಗೆ ಸುಮಾರು 1.2 ಪಟ್ಟು. 1.50ರ ನಾಜಲ್ 7 ಬಾರಿನಲ್ಲಿ ಗಂಟೆಗೆ 5.7 ಲೀಟರ್, 10 ಬಾರಿನಲ್ಲಿ 6.8 ಲೀಟರ್ ಬಿಡುತ್ತದೆ. 2.00ರದು 10 ಬಾರಿನಲ್ಲಿ ಸರಿಯಾಗಿ 9 ಲೀಟರ್. ನಿಮ್ಮ ಯಂತ್ರಕ್ಕೆ ಯಾರೋ ‘ಬೇಗ ಕಾಯಲಿ’ ಎಂದು ದೊಡ್ಡ ನಾಜಲ್ ಹಾಕಿರುವ ಹಾಗಿದೆ. ಬಿಚ್ಚಿ ಅಂಕಿ ನೋಡಿ. 1.50 ಇದ್ದೂ 9 ಲೀಟರ್ ಹೋಗುತ್ತಿದ್ದರೆ ಪಂಪಿನ ಗೇಜ್ ತೂತಿಗೆ ಗೇಜ್ ಹಾಕಿ ಪ್ರೆಶರ್ ನೋಡಿಸಿ, ಪೈಪು ಸೋರುತ್ತಿದೆಯೇ ಎಂದೂ ನೋಡಿ.

ದೊಡ್ಡ ನಾಜಲ್ಲಿಗೆ ಗಾಳಿ ಸಾಲದೆ ಮಸಿ ಕಟ್ಟಿರುತ್ತದೆ. ಮಸಿ ಕಾಯಿಲಿಗೆ ಕಂಬಳಿ ಹೊದೆಸಿದಂತೆ; ಡೀಸೆಲ್ ಉರಿದ ಶಾಖ ನೀರಿಗೆ ಹೋಗದೆ ಚಿಮಣಿಗೆ ಹೋಗುತ್ತದೆ. ಮೇಲಿನ ಮುಚ್ಚಳ, ಬರ್ನರ್ ತಲೆ ಎರಡೂ ತೆಗೆದು, ಕಾಯಿಲಿನ ಸುತ್ತುಗಳ ನಡುವೆ ತಂತಿ ಬ್ರಷ್ ಆಡಿಸಿ, ವ್ಯಾಕ್ಯೂಮಿನಿಂದ ಎಳೆದು ತೆಗೆಯಿರಿ. ಒಳಗೆ ಬಿಳಿ ಉಣ್ಣೆಯಂಥ ಸೆರಾಮಿಕ್ ಹೊದಿಕೆ ಇರುತ್ತದೆ. ಅದಕ್ಕೆ ನೀರು ಹೊಡೆಯಬೇಡಿ, ಕುಡಿದುಕೊಂಡು ಒಡೆಯುತ್ತದೆ. ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಎನ್95 ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ಶುದ್ಧ ಮಾಡಿದ ದಿನ ಚಿಮಣಿಯ ಹೊಗೆಯ ಉಷ್ಣತೆ ಅಳೆದು ಗೋಡೆಯ ಮೇಲೆ ಬರೆದಿಡಿ. ಅದೇ ಕೆಲಸಕ್ಕೆ ಅದು 40-50 ಡಿಗ್ರಿ ಏರಿತೆಂದರೆ ಮತ್ತೆ ಮಸಿ ಕಟ್ಟಿದೆ.

ಪ್ರಶ್ನೆ: ಕರೆಂಟಿಲ್ಲದಾಗ ಜನರೇಟರಿನಲ್ಲಿ ಓಡಿಸಿದರೆ ಹೊಗೆ ಬರುತ್ತದೆ, ಲೈನ್ ಕರೆಂಟಿನಲ್ಲಿ ಇಲ್ಲ. (ಶೃಂಗೇರಿ)

ಜನರೇಟರಿನ ಹರ್ಟ್ಸ್ (ಕರೆಂಟಿನ ಆವರ್ತನ) ನೋಡಿ, ವೋಲ್ಟ್ ಒಂದನ್ನೇ ನೋಡಿದರೆ ಸಾಲದು. ಬ್ಲೋವರ್ ಮೋಟಾರಿನ ವೇಗ ಹರ್ಟ್ಸ್ ಹಿಂದೆ ಹೋಗುತ್ತದೆ. 50 ಇರಬೇಕಾದದ್ದು 46ಕ್ಕೆ ಇಳಿದರೆ ಗಾಳಿಯೂ ಶೇ 8 ಕಡಿಮೆ. ಡೀಸೆಲ್ ಪ್ರೆಶರನ್ನು ಪಂಪಿನ ವಾಲ್ವ್ ಕಾಯುವುದರಿಂದ ಡೀಸೆಲ್ ಅಷ್ಟು ಇಳಿಯುವುದಿಲ್ಲ. ಹೊಗೆ ಬರುವುದು ಆ ಅಂತರಕ್ಕೆ. ಭಾರ ಹಾಕಿದಾಗ 50 ನಿಲ್ಲುವಂತೆ ಜನರೇಟರಿನ ವೇಗ ಕಾಯುವ ಗವರ್ನರ್ ಹೊಂದಿಸಿ. ಶಟರ್ ಮುಟ್ಟಬೇಡಿ.

ತ್ರೀ ಫೇಸ್ ಮೋಟಾರಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಜೋಡಿಸಿದ ಮೇಲೆ ಫೇಸ್ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುವುದುಂಟು. ಬ್ಲೋವರ್ ಸದ್ದು ಮಾಡುತ್ತದೆ, ಗಾಳಿ ಸಾಲುವುದಿಲ್ಲ. ಚಕ್ರದ ಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ.

ಪ್ರಶ್ನೆ: ಬ್ಲೋವರ್ ಓಡುತ್ತದೆ, ಕಿಡಿ ಇದೆ, ಡೀಸೆಲ್ಲೇ ಬರುವುದಿಲ್ಲ. (ಕೊಪ್ಪ)

ಸೊಲೆನಾಯ್ಡಿಗೆ ಕರೆಂಟು ಬರುತ್ತಿದೆಯೇ ನೋಡಿಸಿ. ಬರದಿದ್ದರೆ ತೊಂದರೆ ಫ್ಲೋ ಸ್ವಿಚ್ಚಿನದು, ಅಂದರೆ ನೀರು ಹರಿಯುವಾಗ ಮಾತ್ರ ಬರ್ನರ್ ಹೊತ್ತಲು ಬಿಡುವ ಸ್ವಿಚ್ಚಿನದು. ಜಂಬಿಟ್ಟಿಗೆ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇರುತ್ತದೆ. ಆ ಕೆಂಪು ಗಸಿ ಸ್ವಿಚ್ಚಿನ ಒಳಗಿನ ತುಂಡನ್ನು ಅಂಟಿಸಿಬಿಡುತ್ತದೆ. ಬಿಚ್ಚಿ ತೊಳೆಯಿರಿ. ತಂತಿ ನೇರ ಜೋಡಿಸಿ ಓಡಿಸುವುದು ಮಾತ್ರ ಬೇಡವೇ ಬೇಡ. ನೀರಿಲ್ಲದೆ ಬೆಂಕಿ ಹತ್ತಿದರೆ ಕಾಯಿಲ್ ಸುಟ್ಟು ಒಡೆಯುತ್ತದೆ. ಕರೆಂಟು ಬರುತ್ತಿದ್ದರೆ ಮೋಟಾರಿಗೂ ಫ್ಯುಯಲ್ ಪಂಪಿಗೂ ನಡುವಿನ ಪ್ಲಾಸ್ಟಿಕ್ ಕಪ್ಲಿಂಗ್ ಸವೆದಿರಬಹುದು. ಚಿಕ್ಕ ಸಾಮಾನು, ಒಂದು ಹೆಚ್ಚುವರಿ ಇಟ್ಟುಕೊಳ್ಳಿ.

ಪ್ರಶ್ನೆ: ಸೀಮೆಎಣ್ಣೆ ಅಥವಾ ಸೋಸಿದ ಹಳೆಯ ಎಂಜಿನ್ ಆಯಿಲ್ ಬೆರೆಸಬಹುದೇ? (ಸೊರಬ)

ಸೀಮೆಎಣ್ಣೆ ಪುಸ್ತಕದಲ್ಲಿ ಒಪ್ಪಿದ್ದರೆ ಮಾತ್ರ. ಪಂಪಿನ ಗೇರುಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಯ ಜಾರು ಕಡಿಮೆ, ಪಂಪು ಬೇಗ ಸವೆಯುತ್ತದೆ. ಹಳೆಯ ಆಯಿಲ್ ಎಷ್ಟು ಸೋಸಿದರೂ ಅದರಲ್ಲಿ ಲೋಹ, ಬೂದಿ ಉಳಿದೇ ಇರುತ್ತದೆ, ದಪ್ಪವೂ ಹೆಚ್ಚು. ಬೇಡ. ಪೆಟ್ರೋಲ್ ಒಂದು ಲೋಟವೂ ಬೇಡ. ಡೀಸೆಲ್ ಒಲೆಗೆ ಪೆಟ್ರೋಲ್ ಆವಿ ಸೇರಿದರೆ ಅದು ಸ್ಫೋಟ.

ಪ್ರಶ್ನೆ: ಹಟ್ಟಿ ತೊಳೆಯಲು ಯಂತ್ರವನ್ನು ಒಳಗೇ ಇಟ್ಟುಕೊಳ್ಳಬಹುದೇ? ಹೊರಗೆ ಮಳೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಯಂತ್ರವನ್ನು ಹೇಗಿಡಬೇಕು? (ಹಾಲು ಉತ್ಪಾದಕರು, ಶಿಕಾರಿಪುರ)

ಒಳಗೆ ಇಡಬೇಡಿ. ಚೆನ್ನಾಗಿ ಉರಿಯುವ ಬರ್ನರೂ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಕೆಟ್ಟಿದ್ದರೆ ಬಹಳ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ ಬಂದಂತಾಗುತ್ತದೆ. ದನಗಳಿಗೂ ಅಷ್ಟೇ ಅಪಾಯ. ಯಂತ್ರ ಹೊರಗೆ ಜಗಲಿಯ ಸೂರಿನಡಿ ಇರಲಿ, ಚಿಮಣಿಯ ಬಾಯಿಂದ ಸೂರಿಗೆ ಸಾಕಷ್ಟು ಅಂತರ ಇರಲಿ, ಅಡಿಕೆ ಸೋಗೆಯ ಚಪ್ಪರದ ಕೆಳಗಂತೂ ಬೇಡ. ಉದ್ದ ಹೋಸ್ ತೆಗೆದುಕೊಂಡು ಗನ್ ಮಾತ್ರ ಹಟ್ಟಿಯೊಳಗೆ ಒಯ್ಯಿರಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮಸಿಯನ್ನು ನಿಲ್ಲಿಸುವ ಮುಂಚೆಯೇ ತೆಗೆಯಿರಿ. ಮಸಿ ತೇವ ಹಿಡಿದರೆ ಕಾಯಿಲಿನ ಉಕ್ಕನ್ನು ತಿನ್ನುತ್ತದೆ. ಟ್ಯಾಂಕು ಕಂಠಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಬಸಿದು ಒಣಗಿಸಿ, ಅರ್ಧ ಬಿಡಬೇಡಿ. ಚಿಮಣಿಯ ಬಾಯಿಗೆ ತಗಡಿನ ಮುಚ್ಚಳ ಹಾಕಿ, ಅದರ ಮೇಲೆ ‘ತೆಗೆದು ಹೊತ್ತಿಸಿ’ ಎಂದು ಕೆಂಪಕ್ಷರದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು, ನೀರು ಹರಿಸಿ, ಹತ್ತು ನಿಮಿಷ ಉರಿಸಿ ಒಣಗಿಸಿದರೆ ಪಂಪಿನ ಸೀಲುಗಳೂ ಒಣಗಿ ಬಿರಿಯುವುದಿಲ್ಲ.